ಎನ್‌ಎಫ್‌ಎಲ್ ಸ್ಯಾಲರಿ ಕ್ಯಾಪ್: ದುಡ್ಡು ಈ ವರ್ಷ, ಲೆಕ್ಕ ಮುಂದಿನ ವರ್ಷ

ಮಾರ್ಚ್ ತಿಂಗಳು ಬಂತೆಂದರೆ ಅಮೆರಿಕನ್ ಫುಟ್‌ಬಾಲ್ ಸುದ್ದಿ ಓದುವವರಿಗೆ ಒಂದು ತಮಾಷೆ ಗ್ಯಾರಂಟಿ. ಅಲ್ಲಿನ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪ್ರತಿ ತಂಡಕ್ಕೂ ಆಟಗಾರರ ಸಂಬಳಕ್ಕೆ ವರ್ಷಕ್ಕೊಂದು ಗರಿಷ್ಠ ಮಿತಿ ಇದೆ, ಅದೇ ಸ್ಯಾಲರಿ ಕ್ಯಾಪ್. ನ್ಯೂ ಓರ್ಲಿಯನ್ಸ್ ಸೇಂಟ್ಸ್ ತಂಡ ಆ ಕ್ಯಾಪ್‌ಗಿಂತ ಇಷ್ಟು ಕೋಟಿ ಮೇಲಿದೆ, ಇವರ ಕಥೆ ಮುಗೀತು ಅಂತ ಒಂದಷ್ಟು ಜನ ಬರೆಯುತ್ತಾರೆ. 2021ರಲ್ಲಂತೂ ಹೆಚ್ಚುಕಮ್ಮಿ 10 ಕೋಟಿ ಡಾಲರ್ ಮೇಲಿದ್ದರು. ಆದರೆ ಗಡುವಿನ ದಿನ ಬರುವಷ್ಟರಲ್ಲಿ ಲೆಕ್ಕ ಸರಿಹೋಗಿರುತ್ತದೆ. ಎಷ್ಟೋ ಸಲ ಒಬ್ಬಿಬ್ಬರು ಹೊಸ ಆಟಗಾರರೂ ಬಂದಿರುತ್ತಾರೆ. ಆಗ ಇನ್ನೊಂದಷ್ಟು ಜನ 'ಕ್ಯಾಪ್ ಅನ್ನೋದೇ ಸುಳ್ಳು' ಅಂತ ಶುರು ಹಚ್ಚಿಕೊಳ್ಳುತ್ತಾರೆ.

ನನಗೆ ಎರಡೂ ಮಾತು ಒಪ್ಪಿಗೆಯಿಲ್ಲ. ಕ್ಯಾಪ್ ನಿಜವೇ. ಅದನ್ನು ಯಾರೂ ದಾಟುವ ಹಾಗಿಲ್ಲ, ದಂಡ ಕಟ್ಟಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಬೇಸ್‌ಬಾಲ್‌ನಲ್ಲಿ ಮಿತಿ ಮೀರಿದರೆ ಹೆಚ್ಚುವರಿ ತೆರಿಗೆ ಕಟ್ಟಿ ಮುಂದೆ ಹೋಗಬಹುದು, ಇಲ್ಲಿ ಅದಿಲ್ಲ. ಆದರೆ ಕ್ಯಾಪ್ ಅಳೆಯುವುದು ಮಾಲೀಕ ಈ ವರ್ಷ ಜೇಬಿನಿಂದ ಎಷ್ಟು ತೆಗೆದ ಅನ್ನುವುದನ್ನಲ್ಲ, ಲೆಕ್ಕದ ಪುಸ್ತಕದಲ್ಲಿ ಈ ವರ್ಷದ ಹೆಸರಿಗೆ ಎಷ್ಟು ಬರೆದ ಅನ್ನುವುದನ್ನು. ಈ ಎರಡು ಸಂಖ್ಯೆಗಳ ನಡುವೆ ಇರುವ ಜಾಗದಲ್ಲೇ ತಂಡಗಳ ಪೂರ್ತಿ ಹಣಕಾಸಿನ ಆಟ ನಡೆಯುವುದು.

ಮೊದಲು ಕ್ಯಾಪ್ ಎಲ್ಲಿಂದ ಬಂತು ನೋಡೋಣ. 1990ರ ದಶಕದ ಶುರುವಿನ ತನಕ ಆಟಗಾರನಿಗೆ ತಂಡ ಬಿಟ್ಟು ತಂಡಕ್ಕೆ ಹೋಗುವ ಸ್ವಾತಂತ್ರ್ಯವೇ ಸರಿಯಾಗಿ ಇರಲಿಲ್ಲ. 1992ರಲ್ಲಿ ಆಟಗಾರರು ಕೋರ್ಟಿನಲ್ಲಿ ಗೆದ್ದರು. ಆಮೇಲೆ ರೆಜ್ಜಿ ವೈಟ್ ಎಂಬ ಆಟಗಾರನ ಹೆಸರಿನಲ್ಲಿ ನಡೆದ ಇನ್ನೊಂದು ಕೇಸು ರಾಜಿಯಾಗಿ, 1993ರಲ್ಲಿ ಒಪ್ಪಂದವಾಯಿತು. ಆಟಗಾರರಿಗೆ ಫ್ರೀ ಏಜೆನ್ಸಿ, ಅಂದರೆ ಒಪ್ಪಂದ ಮುಗಿದ ಮೇಲೆ ಬೇರೆ ತಂಡಕ್ಕೆ ಹೋಗುವ ಸ್ವಾತಂತ್ರ್ಯ, ಸಿಕ್ಕಿತು, ಅದಕ್ಕೆ ಬದಲಾಗಿ ಮಾಲೀಕರಿಗೆ ಕ್ಯಾಪ್ ಸಿಕ್ಕಿತು. 1994ರಲ್ಲಿ ಮೊದಲ ಕ್ಯಾಪ್ 3.46 ಕೋಟಿ ಡಾಲರ್. 2025ರಲ್ಲಿ ಅದು 27.92 ಕೋಟಿ. ಈ ಸಂಖ್ಯೆಯನ್ನು ಯಾರೋ ಕೂತು ಸುಮ್ನೆ ಊಹೆ ಮಾಡುವುದಿಲ್ಲ. ಲೀಗ್‌ನ ಆದಾಯದಲ್ಲಿ ಆಟಗಾರರಿಗೆ ಸುಮಾರು ಶೇ. 48 ಹೋಗಬೇಕು ಅಂತ ಒಪ್ಪಂದವಿದೆ. ಅದರಲ್ಲಿ ವಿಮೆ, ಪಿಂಚಣಿ ಇತ್ಯಾದಿ ಸೌಲಭ್ಯಗಳ ಖರ್ಚು ಕಳೆದು 32 ತಂಡಗಳಿಗೆ ಹಂಚಿದರೆ ಬರುವುದೇ ಕ್ಯಾಪ್. ಹಾಗಾಗಿ ಕೋವಿಡ್ ವರ್ಷ ಸ್ಟೇಡಿಯಂ ಖಾಲಿ ಹೊಡೆದಾಗ, 2020ರಲ್ಲಿ 19.82 ಕೋಟಿ ಇದ್ದದ್ದು 2021ರಲ್ಲಿ 18.25 ಕೋಟಿಗೆ ಇಳಿಯಿತು. ಸೇಂಟ್ಸ್ ಸಿಕ್ಕಿಹಾಕಿಕೊಂಡದ್ದು ಇದೇ ವರ್ಷ. ಕ್ಯಾಪ್ ಏರುತ್ತಲೇ ಇರುತ್ತದೆ ಅಂತ ನಂಬಿ ಮುಂದಕ್ಕೆ ತಳ್ಳಿದ್ದ ಲೆಕ್ಕವೆಲ್ಲ ಒಟ್ಟಿಗೆ ಬಂದು ಕೂತಿತ್ತು.

ಕ್ಯಾಪ್‌ನಿಂದ ನಿಜವಾಗಿ ಯಾರಿಗೆ ಲಾಭ? ಸಣ್ಣ ಊರಿನ ತಂಡಗಳೂ ಪೈಪೋಟಿ ಕೊಡಲಿ ಅಂತ ಇದನ್ನು ಮಾಡಿದ್ದು ಅನ್ನುತ್ತಾರೆ. ಸ್ವಲ್ಪ ಮಟ್ಟಿಗೆ ನಿಜ ಕೂಡ. ಆದರೆ ಗ್ರೀನ್ ಬೇ ಪ್ಯಾಕರ್ಸ್ ತಂಡದ ಲೆಕ್ಕ ಒಮ್ಮೆ ನೋಡಿ. ಆ ತಂಡಕ್ಕೆ ಒಬ್ಬ ಮಾಲೀಕ ಇಲ್ಲ, ಜನರೇ ಶೇರುದಾರರು, ಅದಕ್ಕೇ ವರ್ಷ ವರ್ಷ ಲೆಕ್ಕ ಬಹಿರಂಗ ಮಾಡುತ್ತಾರೆ. ಬೇರೆ ಯಾರ ಪುಸ್ತಕವೂ ನಮಗೆ ಹೀಗೆ ಕಾಣಸಿಗುವುದಿಲ್ಲ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಅವರಿಗೆ ಲೀಗ್‌ನಿಂದ ಬಂದ ಪಾಲು, ಅಂದರೆ ಮುಖ್ಯವಾಗಿ ಟಿವಿ ದುಡ್ಡು, 43.26 ಕೋಟಿ ಡಾಲರ್. ಉಳಿದ 31 ತಂಡಗಳಿಗೂ ಇದೇ ಪಾಲು ಸಿಗುತ್ತದೆ. ಅದೇ 2024ರ ಸೀಸನ್‌ನ ಕ್ಯಾಪ್ 25.54 ಕೋಟಿ, ಸೌಲಭ್ಯಗಳಿಗೆ ಇನ್ನೊಂದು 7.4 ಕೋಟಿ. ಎರಡೂ ಸೇರಿ 33 ಕೋಟಿಯೂ ಆಗಲಿಲ್ಲ. ಅಂದರೆ ಒಂದು ಟಿಕೆಟ್ ಮಾರುವ ಮೊದಲೇ, ಒಂದು ಜೆರ್ಸಿ ಮಾರುವ ಮೊದಲೇ ಆಟಗಾರರ ಪೂರ್ತಿ ಖರ್ಚು ಕಳೆದು 10 ಕೋಟಿ ಡಾಲರ್ ಕೈಯಲ್ಲಿ ಉಳಿದಿರುತ್ತದೆ. ಇಂಥ ವ್ಯಾಪಾರದಲ್ಲಿ ನಷ್ಟ ಮಾಡಿಕೊಳ್ಳಬೇಕೆಂದರೆ ವಿಶೇಷ ಪ್ರತಿಭೆ ಬೇಕು.

ಮಾಲೀಕರಿಗೆ ಈ ಬೇಲಿ ಎಷ್ಟು ಮುಖ್ಯ ಅನ್ನುವುದಕ್ಕೆ 2010 ನೆನಪಿಸಿಕೊಳ್ಳಬೇಕು. ಆ ವರ್ಷ ಹಳೇ ಒಪ್ಪಂದದ ಪ್ರಕಾರ ಕ್ಯಾಪ್ ಇರಲೇ ಇಲ್ಲ. ಡಲ್ಲಾಸ್ ಮತ್ತು ವಾಷಿಂಗ್ಟನ್ ತಂಡಗಳು ದೊಡ್ಡ ದೊಡ್ಡ ಸಂಬಳದ ಲೆಕ್ಕವನ್ನೆಲ್ಲ ಆ ವರ್ಷಕ್ಕೇ ಬರೆದು ಮುಗಿಸಿಕೊಂಡವು. ಇಲ್ಲದ ಮಿತಿಯನ್ನು ಮೀರಿದಿರಿ ಅಂತ 2012ರಲ್ಲಿ ಲೀಗ್‌ನವರು ವಾಷಿಂಗ್ಟನ್‌ನ ಕ್ಯಾಪ್‌ನಿಂದ 3.6 ಕೋಟಿ, ಡಲ್ಲಾಸ್‌ನ ಕ್ಯಾಪ್‌ನಿಂದ 1 ಕೋಟಿ ಕತ್ತರಿಸಿದರು! ಕ್ಯಾಪ್ ಅಂದರೆ ಮಾಲೀಕರು ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದುಕೊಂಡಿರುವ ವ್ಯವಸ್ಥೆ ಅಂತ ನಾನು ಅಂದುಕೊಳ್ಳುವುದು ಇದಕ್ಕೇ.

ಈಗ ಪುಸ್ತಕದ ಕೈಚಳಕಕ್ಕೆ ಬರೋಣ. ಇದು ಅರ್ಥವಾದರೆ ಮಿಕ್ಕಿದ್ದೆಲ್ಲ ಅರ್ಥವಾದ ಹಾಗೆ.

ಒಬ್ಬ ಆಟಗಾರನ ಒಪ್ಪಂದದಲ್ಲಿ ಇನ್ನೂ ನಾಲ್ಕು ವರ್ಷ ಬಾಕಿ ಇದೆ, ಈ ವರ್ಷದ ಸಂಬಳ 2.5 ಕೋಟಿ ಡಾಲರ್ ಅಂತ ಇಟ್ಟುಕೊಳ್ಳಿ. ಸಂಬಳ ಅಂತ ಕೊಟ್ಟರೆ ಪೂರ್ತಿ 2.5 ಕೋಟಿಯೂ ಈ ವರ್ಷದ ಕ್ಯಾಪ್‌ಗೇ ಬೀಳುತ್ತದೆ. ಆದರೆ ಬೋನಸ್ ಅಂತ ಕೊಟ್ಟರೆ ಅದನ್ನು ಹೆಚ್ಚೆಂದರೆ ಐದು ವರ್ಷಕ್ಕೆ ಸಮನಾಗಿ ಹಂಚಿ ಬರೆಯಬಹುದು. ತಂಡ ಏನು ಮಾಡುತ್ತದೆ? 2 ಕೋಟಿಯನ್ನು ಬೋನಸ್ ಅಂತ ಬದಲಾಯಿಸುತ್ತದೆ. ಐದು ವರ್ಷ ಆಗಬೇಕಲ್ಲ, ಅದಕ್ಕೆ ಒಪ್ಪಂದದ ಕೊನೆಗೆ ಒಂದು ಸುಳ್ಳು ವರ್ಷ ಅಂಟಿಸುತ್ತದೆ. ಆ ವರ್ಷ ಆತ ಆಡುವುದೂ ಇಲ್ಲ, ಸಂಬಳವೂ ಇಲ್ಲ, ಸುಮ್ನೆ ಲೆಕ್ಕ ಬರೆಯಲು ಒಂದು ಖಾಲಿ ಪುಟ. ಇದಕ್ಕೆ ವಾಯ್ಡ್ ಇಯರ್ ಅನ್ನುತ್ತಾರೆ. ಈಗ ವರ್ಷಕ್ಕೆ 40 ಲಕ್ಷ ಬೋನಸ್ ಲೆಕ್ಕ, ಉಳಿದ ಸಂಬಳ 50 ಲಕ್ಷ, ಒಟ್ಟು 90 ಲಕ್ಷ. ಒಂದೇ ಸಹಿಗೆ 1.6 ಕೋಟಿ ಜಾಗ ಖಾಲಿ. ಆಟಗಾರ ಬೇಡ ಅನ್ನುತ್ತಾನಾ? ಅವನಿಗೆ ವಾರ ವಾರ ಬರಬೇಕಿದ್ದ ದುಡ್ಡು ಒಂದೇ ಚೆಕ್ಕಿನಲ್ಲಿ ಮೊದಲೇ ಬರುತ್ತದೆ. ನಷ್ಟವೇನಿಲ್ಲ.

ಆದರೆ ಗಮನಿಸಿ, ಈ ವರ್ಷ ಮಾಲೀಕನ ಜೇಬಿನಿಂದ ಹೋಗುವುದು ಅದೇ 2.5 ಕೋಟಿ. ಒಂದು ಪೈಸೆಯೂ ಉಳಿಯಲಿಲ್ಲ, ಹೊರೆ ಮಾತ್ರ ಮುಂದಿನ ಪುಟಗಳಿಗೆ ಹೋಯಿತು. ಅಷ್ಟು ದುಡ್ಡನ್ನು ಈಗಲೇ ನಗದಾಗಿ ಸುರಿಯುವ ಮಾಲೀಕನಿಗೆ ಮಾತ್ರ ಈ ಆಟ ಸಾಧ್ಯ. ಎಲ್ಲರಿಗೂ ಒಂದೇ ಮಿತಿ ಅಂತಿರುವ ಲೀಗ್‌ನಲ್ಲೂ ಶ್ರೀಮಂತ ಮಾಲೀಕನಿಗೆ ಅನುಕೂಲ ಜಾಸ್ತಿ ಆಗುವುದು ಇಲ್ಲೇ. ಫಿಲಡೆಲ್ಫಿಯಾ ಈಗಲ್ಸ್ ಇದರಲ್ಲಿ ಪಳಗಿದವರು. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಜೇಲೆನ್ ಹರ್ಟ್ಸ್ ಜೊತೆ 2023ರಲ್ಲಿ ಐದು ವರ್ಷಕ್ಕೆ 25.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ವರ್ಷಕ್ಕೆ ಸರಾಸರಿ 5.1 ಕೋಟಿ. ಆದರೆ ಆ ಮೊದಲ ವರ್ಷ ಕ್ಯಾಪ್ ಪುಸ್ತಕದಲ್ಲಿ ಬರೆದದ್ದು ಸುಮಾರು 60 ಲಕ್ಷ ಅಷ್ಟೇ. ಉಳಿಸಿದ ಜಾಗದಲ್ಲಿ ಸುತ್ತ ಒಳ್ಳೆಯ ತಂಡ ಕಟ್ಟಿದರು. 2025ರ ಫೆಬ್ರವರಿಯಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಕ್ಯಾಪ್ ವರ್ಷ ವರ್ಷ ಏರುವಾಗ ನಾಳೆಯ ಒಂದು ಡಾಲರ್ ಇವತ್ತಿನ ಒಂದು ಡಾಲರ್‌ಗಿಂತ ಹಗುರ, ಅದು ಅವರಿಗೆ ಚೆನ್ನಾಗಿ ಗೊತ್ತು.

ತಳ್ಳಿದ ಲೆಕ್ಕ ಒಂದಲ್ಲ ಒಂದು ದಿನ ಬರಲೇಬೇಕು. ಆಟಗಾರನನ್ನು ಕೈಬಿಟ್ಟರೆ ಇನ್ನೂ ಬರೆಯದೆ ಉಳಿದ ಬೋನಸ್ ಎಲ್ಲ ಒಟ್ಟಿಗೆ ಬಂದು ಕ್ಯಾಪ್ ಮೇಲೆ ಕೂರುತ್ತದೆ. ಆತ ತಂಡದಲ್ಲಿಲ್ಲ, ಲೆಕ್ಕದಲ್ಲಿ ಮಾತ್ರ ಇದ್ದಾನೆ. ಇದೇ ಡೆಡ್ ಮನಿ. ಜೂನ್ 1ರ ನಂತರ ಕೈಬಿಟ್ಟಂತೆ ತೋರಿಸಿದರೆ ಅದನ್ನು ಎರಡು ವರ್ಷಕ್ಕೆ ಒಡೆಯಬಹುದು.

ಡೆನ್ವರ್ ಬ್ರಾಂಕೋಸ್ ಕಥೆ ಇದಕ್ಕೆ ಬಹಳ ಒಳ್ಳೆ ಉದಾಹರಣೆ. 2022ರಲ್ಲಿ ವಾಲ್‌ಮಾರ್ಟ್ ಕುಟುಂಬದ ಗುಂಪು ಆ ತಂಡವನ್ನು 465 ಕೋಟಿ ಡಾಲರ್‌ಗೆ ಕೊಂಡಿತು. ಅದೇ ವರ್ಷ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ಗೆ ಐದು ವರ್ಷದ, 24 ಕೋಟಿಗೂ ಜಾಸ್ತಿ ಮೊತ್ತದ ಹೊಸ ಒಪ್ಪಂದ ಕೊಟ್ಟರು. ಆ ಒಪ್ಪಂದ ಶುರುವಾಗಬೇಕಿದ್ದದ್ದು 2024ರಿಂದ. 2024ರ ಮಾರ್ಚ್‌ನಲ್ಲೇ ಅವರನ್ನು ಕೈಬಿಟ್ಟರು! ಡೆಡ್ ಮನಿ 8.5 ಕೋಟಿ: 2024ಕ್ಕೆ 5.3, 2025ಕ್ಕೆ 3.2. ಅಂದರೆ 2024ರ ಕ್ಯಾಪ್‌ನಲ್ಲಿ ಐದನೇ ಒಂದು ಭಾಗ ತಂಡದಲ್ಲೇ ಇಲ್ಲದ ಒಬ್ಬನಿಗೆ ಹೋಯಿತು. ವಿಲ್ಸನ್ ಹೇಗೂ ಡೆನ್ವರ್‌ನಿಂದ ಖಾತರಿ ದುಡ್ಡು (ಕೈಬಿಟ್ಟರೂ ಕೊಡಲೇಬೇಕಾದ ದುಡ್ಡು) ಪಡೆಯುತ್ತಿದ್ದರಿಂದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅವರನ್ನು ಕನಿಷ್ಠ ಸಂಬಳ 12.1 ಲಕ್ಷಕ್ಕೆ ತೆಗೆದುಕೊಂಡಿತು. ಊಟ ಒಬ್ಬರದ್ದು, ಬಿಲ್ಲು ಇನ್ನೊಬ್ಬರದ್ದು. ಇಷ್ಟಾದರೂ ಡೆನ್ವರ್ ಆ ಸೀಸನ್‌ನಲ್ಲಿ 10 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು.

ಹೇಗೆ ಅಂದರೆ, ಅವರ ಹೊಸ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಡ್ರಾಫ್ಟ್‌ನಿಂದ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಯಿಂದ, ಬಂದ ಹುಡುಗ. ಆ ವರ್ಷ ಆತನ ಕ್ಯಾಪ್ ಲೆಕ್ಕ 34 ಲಕ್ಷದ ಆಸುಪಾಸು. ನನ್ನ ಪ್ರಕಾರ ಈ ಇಡೀ ವ್ಯವಸ್ಥೆಯಲ್ಲಿ ಅತಿ ದೊಡ್ಡ ರಿಯಾಯಿತಿ ಇದೇ, ಅದನ್ನು ಕೊಡುತ್ತಿರುವವರು ಹೊಸ ಆಟಗಾರರು. 2010ರಲ್ಲಿ ಡ್ರಾಫ್ಟ್‌ನ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ, ಅದರಲ್ಲಿ 5 ಕೋಟಿ ಖಾತರಿ. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ ಬದಲಾಗಿ ಹೊಸಬರ ಸಂಬಳಕ್ಕೆ ದರಪಟ್ಟಿ ಬಂತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಒಂದೇ ವರ್ಷದ ಅಂತರ! ಇನ್ನು ಕೆಳಗಿನ ಸುತ್ತಿನಲ್ಲಿ ಬಂದವರ ಕಥೆ ಕೇಳಲೇಬೇಡಿ. 2013ರ ಸೀಸನ್‌ನಲ್ಲಿ ಸಿಯಾಟಲ್ ಸೂಪರ್ ಬೌಲ್ ಗೆದ್ದಾಗ ಇದೇ ರಸೆಲ್ ವಿಲ್ಸನ್‌ನ ಮೂಲ ಸಂಬಳ 5,26,217 ಡಾಲರ್. ಹೀಗೆ ಉಳಿದ ಜಾಗದಲ್ಲಿ ಸಿಯಾಟಲ್ ಮೈಕಲ್ ಬೆನೆಟ್, ಕ್ಲಿಫ್ ಅವ್ರಿಲ್ ಥರದವರನ್ನು ತಂದು ರಕ್ಷಣಾ ಪಡೆ ಕಟ್ಟಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನ ಕೊಟ್ಟಕೊನೆಯ ಆಯ್ಕೆ, 2023ರಲ್ಲಿ ಆತನ ಸಂಬಳ 8.7 ಲಕ್ಷ, ಆ ಸೀಸನ್ ತಂಡವನ್ನು ಸೂಪರ್ ಬೌಲ್ ತನಕ ಒಯ್ದ. 2025ರಲ್ಲಿ ಅವನಿಗೆ ಐದು ವರ್ಷಕ್ಕೆ 26.5 ಕೋಟಿ ಕೊಡಬೇಕಾಯಿತು. ಅಲ್ಲಿಗೆ ಆ ಸುಖದ ಕಾಲ ಮುಗಿಯಿತು.

ದುಬಾರಿ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು ಗೆಲ್ಲಲು ಆಗುವುದಿಲ್ಲ ಅಂತ ಬಹಳ ಕಾಲ ಜನ ನಂಬಿದ್ದರು. 1994ರಲ್ಲಿ ಕ್ಯಾಪ್‌ನ ಶೇ. 13.1 ತೆಗೆದುಕೊಂಡ ಸ್ಟೀವ್ ಯಂಗ್‌ನದ್ದೇ ಸೂಪರ್ ಬೌಲ್ ಗೆದ್ದವರಲ್ಲಿ ಅತಿ ದೊಡ್ಡ ಪಾಲಾಗಿತ್ತು. 2022ರ ಸೀಸನ್‌ನಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಶೇ. 17.2ರೊಂದಿಗೆ ಗೆದ್ದು ಆ ಮಾತು ಮುರಿದ. ಆದರೆ ಸುಮ್ಮನೆ ಆಗಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಆತನ ತಂಡ ಕ್ಯಾನ್ಸಸ್ ಸಿಟಿ ತನ್ನ ಅತಿ ವೇಗದ ರಿಸೀವರ್ (ಎಸೆದ ಚೆಂಡು ಹಿಡಿಯುವವ) ಟೈರೀಕ್ ಹಿಲ್‌ನನ್ನು ಐದು ಡ್ರಾಫ್ಟ್ ಆಯ್ಕೆಗಳಿಗೆ ಮಿಯಾಮಿಗೆ ಕೊಟ್ಟಿತ್ತು. ಒಬ್ಬ ದುಬಾರಿ ಆಟಗಾರ ಹೋದ, ಅಗ್ಗದ ಹುಡುಗರು ಬಂದರು. ಕ್ಯಾಪ್ ಕೇಳುವುದು ಇಂಥ ಕಠಿಣ ನಿರ್ಧಾರವನ್ನು. ಅಭಿಮಾನಿಗಳಿಗೆ ಹೊಟ್ಟೆ ಉರಿಯುತ್ತದೆ, ಸರಿ. ಜನರಲ್ ಮ್ಯಾನೇಜರ್‌ಗೆ ಬೇರೆ ದಾರಿಯಿಲ್ಲ.

ಕೊನೆಗೆ ಖಾತರಿ ದುಡ್ಡಿನ ವಿಷಯ. ಫುಟ್‌ಬಾಲ್ ಒಪ್ಪಂದಗಳ ದೊಡ್ಡ ಮೊತ್ತಗಳಲ್ಲಿ ಬಹುಪಾಲು ಕಾಗದದ ಮೇಲಿನದ್ದು, ಖಾತರಿ ಎಷ್ಟು ಅನ್ನುವುದನ್ನು ಮಾತ್ರ ನೋಡಬೇಕು. 2022ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್‌ಗೆ 23 ಕೋಟಿ ಡಾಲರ್ ಪೂರ್ತಿ ಖಾತರಿ ಕೊಟ್ಟರು. ಲೈಂಗಿಕ ದುರ್ನಡತೆಯ ಆರೋಪಗಳಿಂದ ನಿಷೇಧ ಬರಬಹುದು ಅಂತ ಎಲ್ಲರಿಗೂ ಗೊತ್ತಿದ್ದ ವರ್ಷ ಅದು. ಆ ವರ್ಷದ ಮೂಲ ಸಂಬಳ 10.35 ಲಕ್ಷ ಮಾತ್ರ ಇಟ್ಟಿದ್ದರು. ಹಾಗಾಗಿ 11 ಪಂದ್ಯಗಳ ನಿಷೇಧ ಬಂದಾಗ ಸಂಬಳದಲ್ಲಿ ಕಳೆದುಕೊಂಡದ್ದು ಆರು ಲಕ್ಷ ಚಿಲ್ಲರೆ, 50 ಲಕ್ಷ ದಂಡ ಬೇರೆ. 2022ರಿಂದ 2024ರ ತನಕ ಮೂರು ಸೀಸನ್‌ನಲ್ಲಿ ಒಟ್ಟು 19 ಪಂದ್ಯ ಆಡಿದ್ದು. ಬ್ರೌನ್ಸ್ ವರ್ಷ ವರ್ಷ ಲೆಕ್ಕ ಮುಂದೆ ತಳ್ಳಿ ತಳ್ಳಿ, ಒಂದು ಹಂತದಲ್ಲಿ 2025 ಮತ್ತು 2026ಕ್ಕೆ ತಲಾ 7.29 ಕೋಟಿ ಬಾಕಿ ಬಂದು ನಿಂತಿತ್ತು. ಮತ್ತೆ ಅದನ್ನೂ ತಳ್ಳಿದರು.

ಖಾತರಿ ಕೊಟ್ಟ ಮುಂದಿನ ವರ್ಷಗಳ ದುಡ್ಡಿನ ಬಹುಪಾಲನ್ನು ಮೊದಲೇ ತೆಗೆದು ಲೀಗ್‌ನ ಠೇವಣಿ ಖಾತೆಯಲ್ಲಿ ಇಡಬೇಕು ಅನ್ನುವ ಹಳೇ ನಿಯಮವೊಂದಿದೆ. ತಂಡಗಳು ದಿವಾಳಿ ಎದ್ದು ಆಟಗಾರರಿಗೆ ಕೈಕೊಡದಿರಲಿ ಅಂತ ಮಾಡಿದ್ದು. ಈಗ ಯಾವ ತಂಡವೂ ದಿವಾಳಿ ಏಳುವ ಸ್ಥಿತಿಯಲ್ಲಿಲ್ಲ, ಆದರೆ ಖಾತರಿ ಕೊಡಲಾಗದು ಅನ್ನಲು ಮಾಲೀಕರಿಗೆ ಅದೇ ನೆಪ. ವಾಟ್ಸನ್ ನಂತರ ಅಷ್ಟು ದೊಡ್ಡ ಮೊತ್ತ ಪೂರ್ತಿ ಖಾತರಿಯಾಗಿ ಬೇರೆ ಯಾವ ಕ್ವಾರ್ಟರ್‌ಬ್ಯಾಕ್‌ಗೂ ಸಿಗಲಿಲ್ಲ. 2023ರಲ್ಲಿ ಲಮಾರ್ ಜಾಕ್ಸನ್‌ಗೆ 26 ಕೋಟಿಯ ಒಪ್ಪಂದ ಸಿಕ್ಕಿತು, ಖಾತರಿ 18.5 ಕೋಟಿ. ಮಾಲೀಕರು ಒಟ್ಟಾಗಿ ಖಾತರಿ ತಡೆಯುತ್ತಿದ್ದಾರೆ, ಇದು ಕುತಂತ್ರ ಅಂತ ಆಟಗಾರರ ಸಂಘ ದೂರು ಕೊಟ್ಟಿತ್ತು. ಖಾತರಿ ಕಡಿಮೆ ಮಾಡಿ ಅಂತ ಲೀಗ್ ತಂಡಗಳಿಗೆ ಉತ್ತೇಜನ ಕೊಟ್ಟದ್ದು ಹೌದು, ಆದರೆ ತಂಡಗಳು ಕೈಜೋಡಿಸಿದವು ಅನ್ನಲು ಸಾಕ್ಷಿ ಸಾಲದು ಅಂತ ಮಧ್ಯಸ್ಥಗಾರ 2025ರ ಜನವರಿಯಲ್ಲಿ ಹೇಳಿದರು. ಆ ತೀರ್ಪನ್ನು ಲೀಗ್ ಕೂಡ, ವಿಚಿತ್ರವೆಂದರೆ ಆಟಗಾರರ ಸಂಘ ಕೂಡ, ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಜೂನ್‌ನಲ್ಲಿ ಪತ್ರಕರ್ತರು ಬಯಲು ಮಾಡಿದ ಮೇಲೆ ಆಟಗಾರರಿಗೇ ಗೊತ್ತಾದದ್ದು. ಲೀಗ್ ಮತ್ತು ಸಂಘದ ಈಗಿನ ಒಪ್ಪಂದ 2030ರ ಸೀಸನ್ ತನಕ ಇದೆ. ಮುಂದಿನ ಮಾತುಕತೆಯಲ್ಲಿ ಶೇ. 48 ಅನ್ನು 49 ಮಾಡಿಸುವುದಕ್ಕಿಂತ ಈ ಠೇವಣಿ ನಿಯಮ ತೆಗೆಸುವುದಕ್ಕೆ ಸಂಘ ಹಠ ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ. ಹೊಸಬರ ದರಪಟ್ಟಿಯನ್ನೂ ಅದೇ ಮೇಜಿನ ಮೇಲೆ ಇಟ್ಟರೆ ಇನ್ನೂ ಒಳ್ಳೆಯದು, ಆದರೆ ಮತ ಹಾಕುವ ಹಳಬರಿಗೆ ಅದರಿಂದ ಏನೂ ಸಿಗುವುದಿಲ್ಲವಲ್ಲ, ಅಲ್ವಾ?