ಕ್ಯಾಶುವಾಲ್ಟಿಯಲ್ಲಿ ಅಂಜಿಕೆ ಆಗಲ್ವಾ?

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಿರುತ್ತೇನೆ. ಹೋಳಿಗೆ ಇನ್ನೂ ಬಂದಿರುವುದಿಲ್ಲ. ಪಕ್ಕದವರು ಶುರು ಮಾಡುತ್ತಾರೆ: 'ನಿಮ್ ಕ್ಯಾಶುವಾಲ್ಟಿಗೆ ಹುಚ್ಚರೂ ಬರ್ತಾರಂತಲ್ಲ ಸಿಸ್ಟರ್, ಅಂಜಿಕೆ ಆಗಂಗಿಲ್ಲೇನು?' ಬಳ್ಳಾರಿಯಲ್ಲಿ ಒಂಬತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ಬಾಯಲ್ಲಿ ಹೇಳಿ ಸಾಕಾಗಿದೆ, ಇಲ್ಲೇ ಓದಿಕೊಳ್ಳಿ.

ಅಂಜಿಕೆ ಆಗುತ್ತೆ. ಕುಡಿದು ಬಂದು ಬಿಪಿ ಮಷಿನ್ ಕಿತ್ತೆಸೆಯುವ ರೋಗಿಯ ಮೈದುನನನ್ನು ಕಂಡರೆ. ಅವನನ್ನು ಯಾರೂ ಹುಚ್ಚ ಅನ್ನಲ್ಲ. ಗಾಳಿ ಸೋಕಿದೆ ಅಂತ ಕೈ ಕಟ್ಟಿ ತಂದ ಅಜ್ಜನಿಗೆ ನಾವು ಮೊದಲು ನೋಡುವುದು ಶುಗರ್. ಅದು ತೀರಾ ಇಳಿದರೂ ಮನುಷ್ಯ ಹಾಗೇ ಆಡುತ್ತಾನೆ. ದಿನಾ ಕುಡಿಯುವವನು ಎರಡು ಮೂರು ದಿನ ಒಮ್ಮೆಲೇ ಬಿಟ್ಟರೆ ಗೋಡೆ ತುಂಬಾ ಹುಳ ಕಾಣುವುದೂ ಉಂಟು.

ಇನ್ನು ಮನಸ್ಸಿನ ಕಾಯಿಲೆಯವರು. ಎಷ್ಟೋ ಜನ ಕೂಗಾಡುವುದೇ ಇಲ್ಲ, ಎದೆ ಹಿಡಿದುಕೊಂಡು ಬರುತ್ತಾರೆ.

ಒಬ್ಬಾಕೆ ಬಂದಿದ್ದಳು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ. ಎದೆ ಡವಡವ, ಕೈ ಜೋಮು. 'ಯಕ್ಕಾ, ಸತ್ತೇ ಹೋಗ್ತೀನಿ.' ಇಸಿಜಿ ಕ್ಲಿಪ್ ಹಾಕುವಾಗ ಸೀರೆಯ ಘಾಟಿಗೆ ನನಗೆ ಸಾಲಾಗಿ ಐದು ಸೀನು. ಅಂಥದ್ದರಲ್ಲೂ ನಕ್ಕಳು. ಇಸಿಜಿ ನಾರ್ಮಲ್. 'ಏನೂ ಇಲ್ಲಮ್ಮ, ಹೋಗು' ಅಂದೆ. ಮತ್ತೆ ಬಂದಳು, ಮತ್ತೆ ನಾರ್ಮಲ್. ಮೂರನೇ ಸಲ ಗಂಡ 'ನಾಟಕ ಮಾಡ್ತಾಳ್ರೀ' ಅಂದ. ನಾನು ಸುಮ್ಮನಿದ್ದೆ. ಒಳಗೊಳಗೆ ಹೌದು ಅಂದಿದ್ದೆ, ಸುಳ್ಳು ಯಾಕೆ. ನಾಲ್ಕನೇ ಸಲ ಡ್ಯೂಟಿ ಡಾಕ್ಟರ್ ಗಂಡನನ್ನು ಚೀಟಿ ಮಾಡಿಸೋಕೆ ಕಳಿಸಿ, ಸ್ಟೂಲ್ ಎಳೆದು ಕೂತು, 'ನಿದ್ದೆ ಬರುತ್ತಾ?' ಅಂತ ಕೇಳಿದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅದು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಮೈಯೆಲ್ಲಾ ಆವರಿಸುವ ವಿಪರೀತ ಭಯ. ಎದೆ ನೋವು ಸುಳ್ಳಾಗಿರಲಿಲ್ಲ, ನಾನು ಹೇಳಿದ 'ಏನೂ ಇಲ್ಲ' ಸುಳ್ಳು.

ಅದೂ ಬಳ್ಳಾರಿಯಲ್ಲಿ! 1985ರಿಂದ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೇ ಮನಸ್ಸಿನ ಕಾಯಿಲೆ ನೋಡಲು ಕಲಿಸಿದ್ದು ಇದೇ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಾವೇ ಮಾದರಿ.

ಅಂಜಿಕೆ ವಿಷಯ ಬಿಡಿ. ಇಸಿಜಿ ನಾರ್ಮಲ್ ಬಂದ ಮೇಲೆ ಏನು ಕೇಳ್ತೀರಿ ಅಂತ ಕೇಳಿ. ನಿದ್ದೆ, ಊಟ, ಮನೆ. ಸಾಯಬೇಕು ಅನಿಸಿದೆಯಾ ಅಂತಲೂ ನೇರವಾಗಿ. ಆಮೇಲೆ ಮನೋವೈದ್ಯರ ಓಪಿಡಿಗೆ ಚೀಟಿ, ಅದರ ಹಿಂದೆ 14416 ಬರೆದು ಕೊಡುತ್ತೇನೆ. ಅದು ಟೆಲಿ ಮನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಫೋನ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆಕೆ ಆಮೇಲೆ ನಮ್ಮಲ್ಲಿಗೆ ಬಂದದ್ದು ಒಂದೇ ಸಲ. ಮಗನ ಕಾಲಿಗೆ ಮೊಳೆ ಚುಚ್ಚಿತ್ತು. ಟಿಟಿ ಇಂಜೆಕ್ಷನ್ ಕೊಡುವಷ್ಟರಲ್ಲಿ ನನಗೆ ಮತ್ತೆ ಸೀನು.