ಹಳೆಯ ತೀರ್ಪಿನ ನಕಲು ಸಾಕ್ಷ್ಯವಾಗಬೇಕಾದರೆ

ಕಲಬುರಗಿ ಭಾಗದ ಜಮೀನಿನ ದಾವೆಗಳಲ್ಲಿ ಅಜ್ಜ, ಮುತ್ತಜ್ಜನ ಕಾಲದ ಒಂದು ತೀರ್ಪೋ ಡಿಕ್ರಿಯೋ ಎಲ್ಲಿಂದಲಾದರೂ ಹೊರಬರುತ್ತದೆ. ಆಳಂದ, ಸೇಡಂ, ಚಿಂಚೋಳಿ ಕಡೆಯಿಂದ ಬರುವ ಕಕ್ಷಿದಾರರು ಅದನ್ನು ಜೋಪಾನವಾಗಿ ಬಿಚ್ಚಿ ಮೇಜಿನ ಮೇಲಿಟ್ಟು, ಮೊಹರು ಬಿದ್ದಿದೆಯಲ್ಲ, ಇನ್ನೇನು ಬೇಕು ಎಂದು ಕೇಳುತ್ತಾರೆ. ಮೊಹರು ಬೇಕೇ ಬೇಕು. ಆದರೆ ಮೊಹರು ಯಾವುದನ್ನು ಸಾಬೀತುಪಡಿಸುತ್ತದೆ, ಯಾವುದನ್ನು ಸಾಬೀತುಪಡಿಸುವುದಿಲ್ಲ ಎಂಬುದನ್ನು ದಾವೆ ಹೂಡುವ ಮೊದಲೇ ತಿಳಿದುಕೊಳ್ಳದಿದ್ದರೆ ಒಳ್ಳೆಯ ದಾಖಲೆಯೂ ವಿಚಾರಣೆಯ ದಿನ ಕೈಕೊಡುತ್ತದೆ.

ನ್ಯಾಯಾಲಯದ ತೀರ್ಪು, ಡಿಕ್ರಿ, ಆದೇಶಗಳು ಸಾರ್ವಜನಿಕ ದಸ್ತಾವೇಜುಗಳು. ಅವುಗಳ ಮೂಲವನ್ನು ಕಡತದಿಂದ ಕಿತ್ತು ತರಲಾಗದ ಕಾರಣ, ಮೂಲ ಯಾರ ವಶದಲ್ಲಿದೆಯೋ ಆ ಅಧಿಕಾರಿ ಕೊಡುವ ದೃಢೀಕೃತ ನಕಲಿನಿಂದಲೇ ಅವನ್ನು ರುಜುವಾತುಪಡಿಸಬಹುದು ಎಂದು ಕಾನೂನು ಹೇಳುತ್ತದೆ. 1872ರ ಸಾಕ್ಷ್ಯ ಅಧಿನಿಯಮದಲ್ಲಿ 76, 77 ಮತ್ತು 79ನೆಯ ಕಲಮುಗಳಲ್ಲಿದ್ದ ಈ ಮಾತು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 75, 76 ಮತ್ತು 78ನೆಯ ಕಲಮುಗಳಾಗಿ ಬಂದಿದೆ. ಆ ದಿನಕ್ಕೆ ಮೊದಲೇ ನಡೆಯುತ್ತಿದ್ದ ದಾವೆಗಳಿಗೆ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ. ನಮ್ಮಲ್ಲಿ ವರ್ಷಾನುಗಟ್ಟಲೆ ಎಳೆಯುವ ದಾವೆಗಳೇ ಹೆಚ್ಚಾದ್ದರಿಂದ ಇನ್ನೂ ಕೆಲವು ಕಾಲ ಎರಡೂ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಬೇಕಾಗಿದೆ.

ನಕಲು ವಿಭಾಗದಿಂದ ಪ್ರತಿ ಕೈಗೆ ಬಂದ ಕೂಡಲೇ ಅಲ್ಲಿಯೇ ನಿಂತು ಕೊನೆಯ ಪುಟವನ್ನು ಓದಬೇಕು. ಇದು ಮೂಲದ ನಿಜಪ್ರತಿ ಎಂಬ ಒಕ್ಕಣೆ, ದಿನಾಂಕ, ಅಧಿಕಾರಿಯ ಸಹಿ, ಹೆಸರು, ಹುದ್ದೆ ಮತ್ತು ಮೊಹರು ಅದರಲ್ಲಿರಬೇಕು. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಪಡೆದ ದಿನಗಳ ನಮೂದನ್ನೂ ನೋಡಬೇಕು, ಏಕೆಂದರೆ ನಕಲು ಪಡೆಯಲು ತಗಲಿದ ಕಾಲವನ್ನು 1963ರ ಕಾಲಮಿತಿ ಅಧಿನಿಯಮದ 12ನೆಯ ಕಲಮಿನಂತೆ ಮೇಲ್ಮನವಿಯ ಅವಧಿಯಿಂದ ಕಳೆಯುವುದು ಆ ನಮೂದಿನ ಆಧಾರದಿಂದಲೇ.

ನಿಜವಾದ ತೊಡಕು ಇರುವುದು ಕಡತದ ಒಳಗೆ. ನ್ಯಾಯಾಲಯದ ಕಡತದಲ್ಲಿರುವ ಪ್ರತಿಯೊಂದು ಹಾಳೆಯೂ ನ್ಯಾಯಾಲಯದ ದಾಖಲೆಯೇ ಎಂದು ಜನ ಭಾವಿಸುತ್ತಾರೆ, ಕೆಲವು ಕಿರಿಯ ವಕೀಲರೂ ಭಾವಿಸುತ್ತಾರೆ. ಖಾಸಗಿ ಕರಾರೊಂದು ಹಿಂದಿನ ದಾವೆಯಲ್ಲಿ ನಿಶಾನೆಯಾಗಿ, ಅಂದರೆ ಸಾಕ್ಷ್ಯವೆಂದು ಸಂಖ್ಯೆ ಹಾಕಿಸಿಕೊಂಡು, ಗುರುತಾಗಿದ್ದ ಮಾತ್ರಕ್ಕೆ ಸಾರ್ವಜನಿಕ ದಸ್ತಾವೇಜಾಗುವುದಿಲ್ಲ. ಅದರ ದೃಢೀಕೃತ ನಕಲು ಆ ಕಾಗದ ಆ ಕಡತದಲ್ಲಿದೆ ಎಂದು ತೋರಿಸಬಲ್ಲುದೇ ಹೊರತು, ಅದನ್ನು ಬರೆದುಕೊಟ್ಟವರು ಯಾರು, ಸಹಿ ಅವರದೇ ಹೌದೇ ಎಂಬುದನ್ನು ಬೇರೆಯಾಗಿಯೇ ಸಾಬೀತು ಮಾಡಬೇಕು. ಸಾಕ್ಷಿಯ ಹೇಳಿಕೆಯದು ಇನ್ನೂ ಸೂಕ್ಷ್ಮ. ಅಂದು ಸಾಕ್ಷಿ ಹಾಗೆ ನುಡಿದನೆಂಬುದು ನಕಲಿನಿಂದ ರುಜುವಾತಾಗುತ್ತದೆ. ನುಡಿದದ್ದು ನಿಜವೆಂಬುದು ಆಗುವುದಿಲ್ಲ. ಸಾಕ್ಷಿ ಈಗ ಬದುಕಿಲ್ಲದಿದ್ದರೆ ಆ ಹೇಳಿಕೆಯನ್ನು ಈಗಿನ ದಾವೆಯಲ್ಲಿ ಬಳಸಿಕೊಳ್ಳಲು ಅವಕಾಶವಿದೆ. ಆದರೆ ಎರಡೂ ದಾವೆಗಳು ಅವೇ ಪಕ್ಷಗಾರರ ಅಥವಾ ಅವರ ಹಕ್ಕುದಾರರ ನಡುವೆ ನಡೆದಿರಬೇಕು, ಪ್ರಶ್ನೆ ಮುಖ್ಯವಾಗಿ ಒಂದೇ ಆಗಿರಬೇಕು, ಮತ್ತು ಎದುರಾಳಿಗೆ ಅಂದು ಪಾಟೀಸವಾಲಿನ ಹಕ್ಕೂ ಅವಕಾಶವೂ ಇದ್ದಿರಬೇಕು. ಹಳೆಯ ಕಾಯ್ದೆಯ 33ನೆಯ ಕಲಮು, ಹೊಸದರ 27ನೆಯದು ಹೇಳುವುದು ಇದನ್ನೇ.

ಮೂವತ್ತು ವರ್ಷ ದಾಟಿದ ಕಾಗದಕ್ಕೆ ರುಜುವಾತೇ ಬೇಡ ಎಂಬ ನಂಬಿಕೆ ಹಳ್ಳಿಹಳ್ಳಿಯಲ್ಲೂ ಇದೆ. ಹಳೆಯ ಕಾಯ್ದೆಯ 90ನೆಯ ಕಲಮಿನಲ್ಲಿದ್ದು ಈಗ 92ಕ್ಕೆ ಬಂದಿರುವ ಆ ಊಹೆ, ಅಂದರೆ ಸಹಿ, ಬರಹ ನಿಜವೆಂದು ನ್ಯಾಯಾಲಯ ಭಾವಿಸಬಹುದೆಂಬುದು, ಯೋಗ್ಯ ವಶದಿಂದ ಬಂದ ಮೂಲ ದಸ್ತಾವೇಜಿಗೆ ಸಲ್ಲುತ್ತದೆ. ನಕಲು ಎಷ್ಟೇ ಹಳೆಯದಾದರೂ ಅದಕ್ಕೆ ಸಲ್ಲುವುದಿಲ್ಲವೆಂದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ 1935ರಲ್ಲಿಯೇ ತೀರ್ಮಾನಿಸಿದೆ. ಹೀಗಾಗಿ ಮನೆಯ ಪೆಟ್ಟಿಗೆಯಲ್ಲಿರುವ ನಕಲನ್ನು ದಾರಿ ತೋರುವ ಕಾಗದವೆಂದು ಇಟ್ಟುಕೊಂಡು, ಅದರಲ್ಲಿರುವ ದಾವೆಯ ಸಂಖ್ಯೆಯ ಮೇಲೆ ಹೊಸ ನಕಲಿಗೆ ಅರ್ಜಿ ಹಾಕಬೇಕೆಂದೇ ನಾನು ಹೇಳುತ್ತೇನೆ. ತೀರ್ಪು ಕೊಟ್ಟ ನ್ಯಾಯಾಲಯ ಇಂದು ಇಲ್ಲದಿದ್ದರೂ ಚಿಂತೆಯಿಲ್ಲ, ಕಡತ ಈಗ ಯಾವ ಅಭಿಲೇಖಾಲಯದ ವಶದಲ್ಲಿದೆಯೋ ಅಲ್ಲಿನ ಅಧಿಕಾರಿಯ ದೃಢೀಕರಣವೇ ಕಾನೂನಿಗೆ ಬೇಕಾದದ್ದು.

ಈ ಸಂಖ್ಯೆ, ದಿನಾಂಕಗಳನ್ನು ಹುಡುಕುವಲ್ಲಿ ನಮ್ಮ ಭಾಗದ ಕಷ್ಟ ಹಳೆಯ ಮೈಸೂರಿನವರಿಗೆ ಅಷ್ಟಾಗಿ ಅರ್ಥವಾಗುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಂದಿನ ನ್ಯಾಯಾಲಯಗಳ ಭಾಷೆ ಉರ್ದು, ತಾರೀಖು ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ಶಕೆಯದು. ಹೈದರಾಬಾದಿನ ಫಸಲಿ ವರ್ಷ ಆಜುರ್ ತಿಂಗಳಿನಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ ಆರಂಭವಾಗುತ್ತಿತ್ತು. ಆದ್ದರಿಂದ ಡಿಸೆಂಬರ್ ಕೊನೆಯವರೆಗಿನ ತಾರೀಖಾದರೆ ಇಸವಿ ತಿಳಿಯಲು ಫಸಲಿಗೆ 590 ಕೂಡಿಸಬೇಕು, ಜನವರಿಯಿಂದಾಚೆಗೆ 591. ಉದಾಹರಣೆಗೆ, ಜಾಗೀರು ರದ್ದತಿಯ ಕಾನೂನಿಗೆ 1358 ಫಸಲಿ ಎಂಬ ವರ್ಷವಿದೆ. ಅದು ಹೊರಟದ್ದು 1949ರ ಆಗಸ್ಟಿನಲ್ಲಿ. ಈ ಒಂದು ವರ್ಷದ ವ್ಯತ್ಯಾಸವನ್ನು ಗಮನಿಸದೆ ಅರ್ಜಿ ಬರೆದರೆ ಅಭಿಲೇಖಾಲಯದ ಸಿಬ್ಬಂದಿ ಬೇರೆ ವರ್ಷದ ವಹಿಯನ್ನು ತೆಗೆದು ನೋಡಿ, ಕಡತ ಸಿಗಲಿಲ್ಲವೆಂದು ಹಿಂಬರಹ ಕೊಡುತ್ತಾರೆ. ತಪ್ಪು ಅವರದಲ್ಲ. ಸಿಕ್ಕ ಉರ್ದು ತೀರ್ಪಿಗೆ ಕನ್ನಡ ಅನುವಾದವೂ ಬೇಕು. ಶಿಕಸ್ತ ಎಂಬ ಕೂಡಿಸಿ ಬರೆಯುವ ಹಳೆಯ ಬರಹವನ್ನು ಸರಾಗವಾಗಿ ಓದಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಅನುವಾದ ಮಾಡಿದವರು ಅಗತ್ಯ ಬಿದ್ದರೆ ಸಾಕ್ಷಿಕಟ್ಟೆಗೆ ಬಂದು ನುಡಿಯಲು ಸಿದ್ಧರಿರಬೇಕು. ಸರ್ವೆ ನಂಬರು, ಗಡಿ, ಪಾಲುದಾರರ ಹೆಸರುಗಳ ಬಗ್ಗೆ ಎದುರಾಳಿ ಮೊದಲು ಪ್ರಶ್ನಿಸುವುದು ಅನುವಾದವನ್ನೇ.

ಕಡತ ನಿಜವಾಗಿಯೂ ನಾಶವಾಗಿದ್ದರೆ ಆ ಬಗ್ಗೆ ಕಚೇರಿಯಿಂದ ಲಿಖಿತ ಹಿಂಬರಹ ಪಡೆಯಲೇಬೇಕು. ಮೂಲ ಇಲ್ಲವೆಂಬ ತಳಪಾಯ ಹಾಕಿದ ಮೇಲಷ್ಟೇ ಮನೆಯಲ್ಲಿರುವ ಪ್ರತಿಯನ್ನು ಮೂಲದ ಬದಲಿಗೆ ದ್ವಿತೀಯಕ ಸಾಕ್ಷ್ಯವಾಗಿ ಮುಂದಿಡಬಹುದು.

ದಾಖಲೆಯನ್ನು ನಿಶಾನೆಯಾಗಿ ಗುರುತಿಸುವ ಹೊತ್ತಿನಲ್ಲಿ ಎದುರು ವಕೀಲರು ಸುಮ್ಮನಿದ್ದರೆ ಏನಾಗುತ್ತದೆ? ರುಜುವಾತಿನ ವಿಧಾನದ ಬಗೆಗಿನ ಆಕ್ಷೇಪಣೆಯನ್ನು ಆಗಲೇ ಎತ್ತಬೇಕು, ಆಮೇಲೆ ಎತ್ತುವಂತಿಲ್ಲ. ದಾಖಲೆಯೇ ಸ್ವೀಕಾರಾರ್ಹವಲ್ಲ ಎಂಬ ಆಕ್ಷೇಪಣೆಯನ್ನಾದರೆ ಮುಂದೆಯೂ ಎತ್ತಬಹುದು ಎಂದು 2003ರ ವೆಂಕಟಾಚಲ ಗೌಂಡರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಎದುರಾಳಿಯ ಮೌನವನ್ನು ನಂಬಿ ಸಾದಾ ಜೆರಾಕ್ಸ್ ಪ್ರತಿಯನ್ನು ಮುಂದಿಡುವ ರೂಢಿಯನ್ನು ನಾನು ಒಪ್ಪುವುದಿಲ್ಲ.

ಇತ್ತೀಚಿನ ತೀರ್ಪುಗಳು ಇ-ಕೋರ್ಟ್ಸ್ ಜಾಲತಾಣದಲ್ಲಿ ಸಿಗುತ್ತವೆ, ಮತ್ತು ಪ್ರಕರಣದ ಸಂಖ್ಯೆ, ವಿಲೇವಾರಿಯಾದ ದಿನಾಂಕಗಳನ್ನು ತಿಳಿಯಲು ಅದಕ್ಕಿಂತ ಸುಲಭವಾದ ದಾರಿಯಿಲ್ಲ. ಆದರೆ ಅದನ್ನು ಮುದ್ರಿಸಿದ ಮಾತ್ರಕ್ಕೆ ದೃಢೀಕೃತ ನಕಲಾಗುವುದಿಲ್ಲ. ವಿದ್ಯುನ್ಮಾನ ದಾಖಲೆಯಾಗಿ ಹಾಜರುಪಡಿಸಹೊರಟರೆ ಹೊಸ ಕಾಯ್ದೆಯ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ; ಅದರ ಒಂದು ಭಾಗವನ್ನು ಪಕ್ಷಗಾರರೂ ಇನ್ನೊಂದನ್ನು ತಜ್ಞರೂ ತುಂಬಿ, ದಾಖಲೆಯ ಹ್ಯಾಶ್ ಮೌಲ್ಯವನ್ನು, ಅಂದರೆ ಅದು ಬದಲಾಗಿಲ್ಲವೆಂದು ತೋರಿಸುವ ಗಣಕ ಸಂಕೇತವನ್ನು, ನಮೂದಿಸಬೇಕು. ಅಷ್ಟೆಲ್ಲ ಮಾಡುವುದಕ್ಕಿಂತ, ಜಾಲತಾಣದಲ್ಲಿ ಸಿಕ್ಕ ಸಂಖ್ಯೆಯನ್ನು ಬರೆದುಕೊಂಡು ನಕಲು ವಿಭಾಗಕ್ಕೆ ಅರ್ಜಿ ಕೊಡುವುದೇ ಕಡಿಮೆ ಖರ್ಚಿನ ಕೆಲಸ.