ಕೆರೆಗಳ ನಡುವಿನ ಊರಿನ ಸುದ್ದಿಗಾರ್ತಿ

ವೈಟ್‌ಹಾರ್ಸ್‌ನಿಂದ ಹೊರಟ ವಿಮಾನ ಡಾಸನ್‌ನಲ್ಲಿ ಒಮ್ಮೆ ಇಳಿದು ಮತ್ತೆ ಉತ್ತರಕ್ಕೆ ಏರಿದ ಮೇಲೆ ಕಿಟಕಿಯ ಕೆಳಗೆ ರಸ್ತೆಯೆಂಬುದು ಕಾಣಲೇ ಇಲ್ಲ. ಕೆನಡಾದ ಯೂಕಾನ್‌ನಲ್ಲಿ ವರ್ಷವಿಡೀ ಓಡಾಡಬಹುದಾದ ರಸ್ತೆಯಿಲ್ಲದ ಊರೆಂದರೆ ಓಲ್ಡ್ ಕ್ರೋ ಒಂದೇ. ಆರ್ಕ್ಟಿಕ್ ವೃತ್ತದಿಂದ 100 ಕಿ.ಮೀ.ಗೂ ಹೆಚ್ಚು ಉತ್ತರದಲ್ಲಿ, ಪೋರ್ಕ್ಯುಪೈನ್ ನದಿಗೆ ಕ್ರೋ ನದಿ ಬಂದು ಸೇರುವ ಕಡೆ, ವುಂಟುಟ್ ಗ್ವಿಚಿನ್ ಎಂಬ ಮೂಲನಿವಾಸಿ ಜನರ ಸುಮಾರು 250 ಮಂದಿಯ ಈ ನೆಲೆಯಿದೆ. ಹಿಟ್ಟು, ಹಾಲು, ಔಷಧ ಬಹುಮಟ್ಟಿಗೆ ವಿಮಾನದಲ್ಲೇ ಬರಬೇಕು. ನಾನು ಕುಳಿತಿದ್ದ ವಿಮಾನದ ಏರ್ ನಾರ್ತ್ ಸಂಸ್ಥೆಯಲ್ಲಿ ಈ ಸಮುದಾಯಕ್ಕೂ ಪಾಲಿದೆ ಎಂಬುದು ನನಗೆ ಬಹಳ ಹಿಡಿಸಿತು.

ನನ್ನನ್ನು ಅಲ್ಲಿಗೆ ಎಳೆದದ್ದು ಎಡಿತ್ ಜೋಸಿ ಎಂಬ ಹೆಣ್ಣುಮಗಳ ಬರವಣಿಗೆ. 1921ರಲ್ಲಿ ಅಲಾಸ್ಕಾದ ಈಗಲ್‌ನಲ್ಲಿ ಹುಟ್ಟಿ, ಹರೆಯದಲ್ಲಿ ಓಲ್ಡ್ ಕ್ರೋಗೆ ಬಂದು ನೆಲೆಸಿದ ಆಕೆ, 1960ರ ದಶಕದ ಆರಂಭದಿಂದ ‘ವೈಟ್‌ಹಾರ್ಸ್ ಸ್ಟಾರ್’ ಪತ್ರಿಕೆಗೆ ದಶಕಗಟ್ಟಲೆ ತನ್ನೂರಿನ ಸುದ್ದಿ ಬರೆದು ಕಳಿಸಿದರು. ಯಾರ ದೋಣಿ ಬಂತು, ಕೆರೆಗಳ ಕಡೆಗೆ ಹೋದವರಿಗೆ ಮಸ್ಕ್‌ರ್ಯಾಟ್ ಎಂಬ ನೀರಿಲಿಯಂಥ ಪ್ರಾಣಿ ಎಷ್ಟು ಸಿಕ್ಕಿತು, ಯಾರಿಗೆ ಕಾಯಿಲೆ, ನದಿಯ ಹಿಮ ಯಾವಾಗ ಒಡೆಯಿತು, ಇವೇ ಆ ಸುದ್ದಿಗಳು. ಗ್ವಿಚಿನ್ ಮಾತಿನ ಲಯದಲ್ಲಿದ್ದ ಆಕೆಯ ಇಂಗ್ಲಿಷನ್ನು ಪತ್ರಿಕೆ ತಿದ್ದದೆ ಅಚ್ಚು ಹಾಕಿತು. ಆ ವ್ಯಾಕರಣ ಕಂಡು ನಕ್ಕವರು ಏನನ್ನೋ ಕಳೆದುಕೊಂಡರು ಎಂದೇ ನನ್ನ ಭಾವನೆ. ಕೆರೆ ಕೋಡಿ ಬಿದ್ದದ್ದನ್ನೂ ಎಮ್ಮೆ ಕರು ಹಾಕಿದ್ದನ್ನೂ ಇನ್‌ಲ್ಯಾಂಡ್ ಪತ್ರದ ಅಂಚಿನವರೆಗೂ ತುಂಬಿಸಿ ಬರೆಯುತ್ತಿದ್ದ ನನ್ನಜ್ಜಿಯ ಕೈಬರಹವನ್ನು ಓದಿ ಬೆಳೆದ ನನಗೆ, ಊರನ್ನು ಹೀಗೆ ಪ್ರೀತಿಸುವ ಬಗೆ ಹೊಸದೆನಿಸಲಿಲ್ಲ. 1995ರಲ್ಲಿ ಆರ್ಡರ್ ಆಫ್ ಕೆನಡಾ ಗೌರವ ಪಡೆದ ಎಡಿತ್ 2010ರಲ್ಲಿ ತೀರಿಕೊಂಡರು.

ನಾನು ಹೋದದ್ದು ಸೆಪ್ಟೆಂಬರಿನಲ್ಲಿ, ಕ್ಯಾರಿಬೂ ಎಂಬ ಜಿಂಕೆ ಜಾತಿಯ ಪ್ರಾಣಿಗಳ ಹಿಂಡು ಅಲಾಸ್ಕಾದ ಕರಾವಳಿಯ ಬಯಲಿನಲ್ಲಿ ಮರಿ ಹಾಕಿ ದಕ್ಷಿಣಕ್ಕೆ ಮರಳುವ ಕಾಲದಲ್ಲಿ. ನದಿದಡದ ಗುಡಿಸಲಿನಲ್ಲಿ ಹಿರಿಯ ಹೆಂಗಸೊಬ್ಬರು ಮಾಂಸ ಸೀಳುತ್ತಿದ್ದರು. ಎಡಗೈಯ ಹೆಬ್ಬೆರಳಿನಿಂದ ಅಂಚನ್ನು ಹಿಡಿದು, ಬಲಗೈಯ ಕತ್ತಿಯನ್ನು ಒತ್ತದೆಯೇ ಜಾರಿಸುತ್ತಿದ್ದಂತೆ, ಮುಷ್ಟಿಯಷ್ಟಿದ್ದ ಗಟ್ಟಿ ತುಂಡು ಎಲ್ಲಿಯೂ ಹರಿಯದೆ ಬಟ್ಟೆಯ ಮಡಿಕೆಯ ಹಾಗೆ ಬಿಚ್ಚಿಕೊಂಡು, ಬೆಳಕು ತೂರಿಬರುವಷ್ಟು ತೆಳುವಾದ ಅಗಲ ಹಾಳೆಯಾಯಿತು. ಅದನ್ನು ಮೇಲಿನ ಗಳುವಿಗೆ ಹರವಿ, ಕೆಳಗಿನ ಹೊಗೆಗೆ ಇನ್ನೆರಡು ಕೊಂಬೆ ಹಾಕಿದರು. ವೈಟ್‌ಹಾರ್ಸ್‌ನಲ್ಲಿರುವ ಮಗಳು ಚಳಿಗಾಲಕ್ಕಾದರೂ ತನ್ನಲ್ಲಿಗೆ ಬಂದಿರಿ ಎಂದು ಪ್ರತಿ ವರ್ಷ ಕರೆಯುತ್ತಾಳಂತೆ. "ಹೋದರೆ ಇದನ್ನೆಲ್ಲ ಒಣಗಿಸುವವರು ಯಾರು?" ಎಂದು ಅವರು ನನ್ನನ್ನೇ ಕೇಳಿದರು.

ಊರಿನ ಉತ್ತರಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳ ತಗ್ಗುಪ್ರದೇಶವಿದೆ. ವುಂಟುಟ್ ಗ್ವಿಚಿನ್ ಎಂಬ ಹೆಸರು ಬಂದದ್ದೇ ಆ ಕೆರೆಗಳಿಂದ. ನೆಲದಡಿಯ ಶಾಶ್ವತ ಹಿಮ ಕರಗಿ ದಂಡೆ ಕುಸಿದಾಗ, ಎಷ್ಟೋ ಕಾಲದಿಂದ ಇದ್ದ ಕೆರೆಯೂ ಕೆಲವೇ ದಿನಗಳಲ್ಲಿ ಬರಿದಾಗಬಲ್ಲದು. 2007ರಲ್ಲಿ ಜೆಲ್ಮಾ ಎಂಬ ದೊಡ್ಡ ಕೆರೆ ಹೀಗೆಯೇ ಬತ್ತಿತು. 2019ರಲ್ಲಿ ಸಮುದಾಯವು ಹವಾಮಾನ ತುರ್ತುಪರಿಸ್ಥಿತಿಯನ್ನು ಘೋಷಿಸಿತು. ಡೀಸೆಲ್ ಸುಡುವುದನ್ನು ತಗ್ಗಿಸಲು ಕಟ್ಟಿಕೊಂಡ ಸೌರ ವಿದ್ಯುತ್ ಘಟಕದ ಫಲಕಗಳ ಸಾಲನ್ನು ನಾನು ನೋಡಿದೆ. ಬೇಸಿಗೆಯಲ್ಲಿ ಇಲ್ಲಿ ಸೂರ್ಯ ವಾರಗಟ್ಟಲೆ ಮುಳುಗುವುದಿಲ್ಲವಾದ್ದರಿಂದ ಅದು ಸಹಜವಾದ ಜಾಣತನವೆನಿಸಿತು. ಆದರೆ ಎಡಿತ್ ಬರೆಯುತ್ತಿದ್ದ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವ ಆ ಕೆರೆಗಳೇ ಬರಿದಾಗುತ್ತಿವೆ ಎಂಬುದು ಮನಸ್ಸನ್ನು ಬಿಡದೆ ಕಾಡಿತು.

ಹೊರಡುವ ದಿನ ಅದೇ ಹಿರಿಯರು ಜಲ್ಲಿ ಹಾಸಿದ ರನ್‌ವೇ ಪಕ್ಕದ ಕಟ್ಟಡಕ್ಕೆ ಬಂದು, ಒಣಮಾಂಸ ತುಂಬಿದ ಕಾಗದದ ಚೀಲವೊಂದನ್ನು ಮಗಳಿಗೆ ತಲುಪಿಸಿ ಎಂದು ನನ್ನ ಕೈಗಿತ್ತರು. ಎರಡು ಹೆಜ್ಜೆ ಹೋದವರು ಮತ್ತೆ ತಿರುಗಿ ಬಂದರು. ನಿನ್ನೆ ಸಂಜೆ ಮೂರು ದೋಣಿ ಬಂದವು, ಮೂರರಲ್ಲೂ ಕ್ಯಾರಿಬೂ ಇತ್ತು, ರಾತ್ರಿ ನದಿಯಂಚಿನಲ್ಲಿ ತೆಳ್ಳಗೆ ಹಿಮ ಕಟ್ಟಿತ್ತು, ಇಷ್ಟನ್ನೂ ಮರೆಯದೆ ಅವಳಿಗೆ ಹೇಳಬೇಕು ಎಂದರು.